ನೂರ ಎಂಬತ್ತಮೂರು ಚೆಂಡಿನ ಪಾಪು

ಮಗುವನ್ನು ಮಲಗಿಸುತ್ತಿರುವವರನ್ನು ನಡುವೆ ಮಾತನಾಡಿಸಬಾರದು ಎಂಬ ನಿಯಮ ನಮ್ಮ ಗಾಲ್ಫ್ ಕ್ಲಬ್ಬಿನ ನಿಯಮಾವಳಿಯಲ್ಲಿ ಆಗ ಇರಲಿಲ್ಲ. ಆದ್ದರಿಂದ ಆ ಶುಕ್ರವಾರವೂ ನನ್ನನ್ನು ಮಾತನಾಡಿಸಿದರು. ಪಾಪುವಿನ ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಮುಚ್ಚುವುದರಲ್ಲಿತ್ತು. ಕಿಟಕಿಯೊಳಗೆ ಒಂದು ಕೈ ಬಂತು. ಕೈಯ ಹಿಂದೆ ಒಂದು ದನಿ ಬಂತು.

“ಒಂದು ಬುಟ್ಟಿ ಚೆಂಡು ಕೊಡಮ್ಮ.”

ಎರಡೂ ಕಣ್ಣು ತೆರೆದವು. ಬೆಳಿಗ್ಗೆಯಿಂದ ಅದು ಹನ್ನೊಂದನೆಯ ಸಲ. ಗಾಲ್ಫ್ ಚೆಂಡು ತುರ್ತಾಗಿ ಬೇಕಾದ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ, ಆದರೆ ಎಲ್ಲರೂ ಆಂಬುಲೆನ್ಸ್ ಕರೆಯುವವರ ದನಿಯಲ್ಲೇ ಕೇಳುತ್ತಾರೆ.

ನನ್ನ ಕೆಲಸ ಇಷ್ಟು. ಅಭ್ಯಾಸ ಮೈದಾನದ ಅಂಚಿನಲ್ಲಿ ಒಂದು ಚಿಕ್ಕ ಕೋಣೆ ಇದೆ. ಅದರಲ್ಲಿ ಚೆಂಡಿನ ತೊಟ್ಟಿ, ಬುಟ್ಟಿಗಳ ಗೂಡು, ಒಂದು ಸ್ಟೂಲು, ನಾನು. ಸದಸ್ಯರು ಟೋಕನ್ ಕೊಟ್ಟರೆ ಐವತ್ತು ಚೆಂಡಿನ ಬುಟ್ಟಿ ಕೊಡುತ್ತೇನೆ. ಅವರು ಹದಿನಾರು ಚಾಪೆಗಳ ಮೇಲೆ ಸಾಲಾಗಿ ನಿಂತು ಅವನ್ನು ಎದುರಿನ ಬಯಲಿಗೆ ಹೊಡೆಯುತ್ತಾರೆ. ಸಂಜೆ ಎಲ್ಲವನ್ನೂ ಆರಿಸಿ ತಂದು ಸುರಿಯುತ್ತಾರೆ, ನಾನು ತೊಳೆದು ಎಣಿಸುತ್ತೇನೆ. ಒಟ್ಟು ಐದು ಸಾವಿರ ಇರಬೇಕು. ದಿನವೂ ಅದೇ ಚೆಂಡನ್ನು ದೂರ ಹೊಡೆದು ಅದೇ ಚೆಂಡನ್ನು ಹತ್ತಿರ ತರುವ ಈ ಕೆಲಸಕ್ಕೆ ಅಭ್ಯಾಸ ಎಂದು ಹೆಸರು.

ನಾನು ಓದಿದ್ದು ಹತ್ತನೇ ತರಗತಿಯವರೆಗೆ, ಆದರೆ ಅಕ್ಷರ ದುಂಡಗಿದೆ. ಆ ದುಂಡು ಅಕ್ಷರದ ದೆಸೆಯಿಂದ ನೋಟಿಸ್ ಬೋರ್ಡಿನ ಪ್ರಕಟಣೆಗಳನ್ನೂ ನಾನೇ ಬರೆಯಬೇಕು. ಆ ವಾರ ನಾನು ಬರೆದು ಅಂಟಿಸಿದ್ದು ಹೀಗಿತ್ತು:

“ಪ್ರಕಟಣೆ. ನಿಯಮ ಹದಿನಾಲ್ಕರ ಪ್ರಕಾರ ಸದಸ್ಯರು, ನೌಕರರು ಹಾಗೂ ಕ್ಲಬ್ಬಿನ ಸ್ವತ್ತನ್ನು ಹೊರತುಪಡಿಸಿ ಬೇರೆ ಏನೂ ಆವರಣದಲ್ಲಿ ಇರತಕ್ಕದ್ದಲ್ಲ. ಚೆಂಡಿನ ಕೋಣೆಯಲ್ಲಿ ಒಂದು ಮಗು ಇರುವುದು ಗಮನಕ್ಕೆ ಬಂದಿದೆ. ಸದರಿ ಮಗು ಬರುವ ಸೋಮವಾರದಿಂದ ಬರತಕ್ಕದ್ದಲ್ಲ. ಇತಿ, ಕಾರ್ಯದರ್ಶಿ.”

ಇದನ್ನು ಬರೆಯುವಾಗ ಸದರಿ ಮಗು ನನ್ನ ಮಡಿಲಲ್ಲಿ ಕೂತು ಪೆನ್ನಿನ ಮುಚ್ಚಳ ಚೀಪುತ್ತಿತ್ತು.

ಸೋಮವಾರಕ್ಕೆ ಬೇರೆ ದಾರಿ ಇರಲಿಲ್ಲ. ನನ್ನ ಗಂಡ ಬಸ್ ಓಡಿಸುತ್ತಾನೆ. ಪಾಪು ಏಳುವ ಮುಂಚೆ ಹೊರಟರೆ ಅದು ಮಲಗಿದ ಮೇಲೆ ಬರುತ್ತಾನೆ. ಅತ್ತೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾರೆ, ಹಗಲು ಪಾಳಿ. ನನ್ನ ಅಮ್ಮ ಅಣ್ಣನ ಮನೆಯಲ್ಲಿ, ಅಣ್ಣನ ಮೂರು ಮಕ್ಕಳ ಕೈಗೆ ಸಿಕ್ಕಿಬಿದ್ದಿದ್ದಾಳೆ. ಪಾಪು ಬಾರದಿದ್ದರೆ ನಾನೂ ಬರುವಂತಿಲ್ಲ, ನಾನು ಬಾರದಿದ್ದರೆ ಕೆಲಸ ಇಲ್ಲ. ಇದನ್ನು ಕಾರ್ಯದರ್ಶಿಗಳಿಗೆ ವಿವರಿಸಿದೆ.

“ನಿನಗೇನೂ ನಿಷೇಧ ಇಲ್ವಲ್ಲಮ್ಮ,” ಎಂದರು. “ನೀನು ಧಾರಾಳವಾಗಿ ಬಾ.”

“ಮಗುನ ಎಲ್ಲಿ ಬಿಡಲಿ ಸಾರ್?”

“ಅದು ಆವರಣದ ಹೊರಗಿನ ವಿಷಯ. ನಾನು ಆವರಣದ ಒಳಗಿನ ಕಾರ್ಯದರ್ಶಿ.”

ಕೆಟ್ಟವರಲ್ಲ. ಹೋಗುವಾಗ ಪಾಪುವಿನ ಕೆನ್ನೆ ಮುಟ್ಟಿ, “ಸೋಮವಾರದಿಂದ ಬರಬಾರದು, ಆಯ್ತಾ ಪುಟ್ಟಿ?” ಎಂದು ಮುದ್ದಾಗಿ ಹೇಳಿಹೋದರು. ಪಾಪು ನಕ್ಕಿತು. ಒಪ್ಪಿಗೆ ಎಂದು ಅವರು ಬರೆದುಕೊಂಡರು.

ಇನ್ನು ನಮ್ಮ ಅಧ್ಯಕ್ಷರ ವಿಷಯ. ಅವರು ಮೊದಲು ಸಿಮೆಂಟ್ ಕಾರ್ಖಾನೆ ನಡೆಸಿದವರು. ಎಲ್ಲ ಕೆಲಸವೂ ನಿನ್ನೆಯೇ ಮುಗಿಯಬೇಕಿತ್ತು ಎಂಬ ಹಾಗೆ ಮಾಡುತ್ತಾರೆ, ಗಾಲ್ಫನ್ನೂ. ಕೋಲು ಎತ್ತುವಾಗ ಮೇಲೆ ಏನೋ ಮರೆತು ಬಂದವರಂತೆ ಎತ್ತುತ್ತಿದ್ದರು, ಇಳಿಸುವಾಗ ಕೆಳಗೆ ಹಾವು ಕಂಡವರಂತೆ ಇಳಿಸುತ್ತಿದ್ದರು. ಚೆಂಡು ಒಂದೋ ಅಲ್ಲೇ ಕೂತಿರುತ್ತಿತ್ತು, ಇಲ್ಲವೇ ಬಲಗಡೆ ಕಾರು ನಿಲ್ಲಿಸುವ ಜಾಗಕ್ಕೆ ಹೋಗುತ್ತಿತ್ತು. ಅನುಭವಿ ಸದಸ್ಯರು ಕಾರನ್ನು ಎಡಗಡೆ ನಿಲ್ಲಿಸುತ್ತಿದ್ದರು.

ಕೋಚ್ ಆರು ವರ್ಷದಿಂದ ಅವರ ಪಕ್ಕ ನಿಂತು ಒಂದೇ ಮಾತು ಹೇಳುತ್ತಿದ್ದರು. “ಬಲ ಸಾಕು ಸಾರ್. ಲಯ ಬೇಕು. ಮೂರು ಎಣಿಕೆ ಹಿಂದಕ್ಕೆ, ಒಂದು ಎಣಿಕೆ ಮುಂದಕ್ಕೆ. ನಿಧಾನವಾಗಿ ಎತ್ತಿ, ಅದರ ಪಾಡಿಗೆ ಅದು ಇಳಿಯಲಿ.”

“ಎಣಿಸ್ತಾನೇ ಇದೀನಲ್ರೀ,” ಎಂದು ಅಧ್ಯಕ್ಷರು ಒಂದೆರಡುಮೂರುನಾಲ್ಕು ಎಂದು ಒಂದೇ ಉಸಿರಿಗೆ ಎಣಿಸಿ ಕಾರುಗಳ ಕಡೆ ಹೊಡೆಯುತ್ತಿದ್ದರು.

ಇದು ಬರೀ ಆಟದ ಮಾತಾಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ರಸ್ತೆಯ ಆಚೆ ಇನ್ನೊಂದು ಕ್ಲಬ್ ಇದೆ. ಅದರ ಅಧ್ಯಕ್ಷರು ನಮ್ಮ ಅಧ್ಯಕ್ಷರ ಸ್ವಂತ ಬಾಮೈದ, ಹೆಂಡತಿಯ ತಮ್ಮ. ವರ್ಷಕ್ಕೊಮ್ಮೆ ಇಬ್ಬರು ಅಧ್ಯಕ್ಷರ ನಡುವೆ ಪಂದ್ಯ, ಗೆದ್ದವರಿಗೆ ಬೆಳ್ಳಿ ಕಪ್ಪು. ಒಂಬತ್ತು ವರ್ಷದಿಂದ ಕಪ್ಪು ಬಾಮೈದರ ಊಟದ ಮೇಜಿನ ಮೇಲಿತ್ತು. ಅದರಲ್ಲಿ ಅವರು ಚಮಚ ಇಡುತ್ತಿದ್ದರು. ಭಾನುವಾರ ಊಟಕ್ಕೆ ಹೋದಾಗಲೆಲ್ಲ ನಮ್ಮ ಅಧ್ಯಕ್ಷರು ಆ ಕಪ್ಪಿನಿಂದಲೇ ಚಮಚ ತೆಗೆದುಕೊಳ್ಳಬೇಕಿತ್ತು. ಒಮ್ಮೆ ಅವರ ಮನೆಯವರು, “ಅಕ್ಕನ ಗಂಡ ಅಂತ ಒಂದು ವರ್ಷನಾದ್ರೂ ಬಿಟ್ಟುಕೊಡೋ,” ಎಂದು ತಮ್ಮನಿಗೆ ಹೇಳಿದರಂತೆ. “ನಾನು ಪ್ರತಿ ವರ್ಷ ಬಿಟ್ಟುಕೊಡ್ತೀನಿ ಅಕ್ಕಾ, ಭಾವ ಅದನ್ನ ತಗೊಳ್ಳೋಕೆ ಬಿಡಲ್ಲ,” ಎಂದನಂತೆ ತಮ್ಮ.

ಮತ್ತೆ ಆ ಶುಕ್ರವಾರಕ್ಕೆ ಬರುತ್ತೇನೆ. ಕಿಟಕಿಯಲ್ಲಿ ಬಂದ ಕೈ ಅಧ್ಯಕ್ಷರದ್ದು. ಬುಟ್ಟಿ ಕೊಟ್ಟೆ. ಅವರು ನನ್ನ ಕಿಟಕಿಗೆ ಹತ್ತಿರದ ಮೊದಲನೇ ಚಾಪೆಗೆ ಹೋದರು. ನಾನು ಮತ್ತೆ ತೂಗಲು ಕೂತೆ.

ನನ್ನ ತೂಗುವ ಕ್ರಮವನ್ನು ಹೇಳಬೇಕು, ಏಕೆಂದರೆ ಮುಂದೆ ಅದು ಕಡತಕ್ಕೆ ಹೋಯಿತು. ಸೂರಿನ ಕಬ್ಬಿಣದ ಕೊಕ್ಕೆಗೆ ಹಳೆಯ ಬೆಡ್‌ಶೀಟಿನ ಜೋಲಿ ಕಟ್ಟಿದ್ದೆ. ಜೋಲಿಗೊಂದು ಹಗ್ಗ, ಹಗ್ಗದ ತುದಿ ನನ್ನ ಬಲಗಾಲಿನ ಹೆಬ್ಬೆರಳಿಗೆ. ಕೈಗಳು ಚೆಂಡು ಎಣಿಸುತ್ತಿದ್ದರೆ ಕಾಲು ಮಗುವನ್ನು ತೂಗುತ್ತದೆ. ಎಳೆಯುವಾಗ ತುಕ್ಕು ಹಿಡಿದ ಕೊಕ್ಕೆ ಕೀ… ಕೀ… ಕೀ… ಎಂದು ಮೂರು ಸಲ ಅಳುತ್ತದೆ. ಬಿಟ್ಟಾಗ ಜೋಲಿ ಹಿಂದಕ್ಕೆ ಹೋಗಿ ಕೊಕ್ಕೆ ತೊಲೆಗೆ ಟಕ್ ಎಂದು ತಾಗುತ್ತದೆ.

ಕೀ… ಕೀ… ಕೀ… ಟಕ್.

ಹೊರಗಿನಿಂದ ಒಂದು ಸದ್ದು ಬಂತು, ಅದುವರೆಗೆ ಮೊದಲನೇ ಚಾಪೆಯಿಂದ ಕೇಳಿಬರದಂಥ ಸ್ವಚ್ಛ ಸದ್ದು. ತಲೆ ಎತ್ತಿದೆ. ಚೆಂಡು ಬಯಲಿನ ನಡುಮಧ್ಯೆ, ಯಾರೋ ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಕಾರುಗಳ ಹತ್ತಿರ ಬಗ್ಗಿ ನಿಂತಿದ್ದ ಕಾವಲುಗಾರ ಮೆಲ್ಲನೆ ನೆಟ್ಟಗಾದ.

ಎರಡನೆಯದೂ ಹಾಗೇ. ಮೂರನೆಯದೂ. ನಾಲ್ಕನೆಯದಕ್ಕೆ ಪಾಪು ಅತ್ತಿತು, ನಾನು ಹಗ್ಗ ಬಿಟ್ಟು ಎತ್ತಿಕೊಂಡೆ. ಚೆಂಡು ಕಾರುಗಳ ಕಡೆ ಹೋಯಿತು.

ಅಧ್ಯಕ್ಷರು ಕಿಟಕಿಗೆ ಬಂದರು. “ಯಾಕಮ್ಮ ನಿಲ್ಲಿಸಿದ್ದು?”

“ಪಾಪು ಎದ್ದಿತು ಸಾರ್.”

“ಮಲಗಿಸು.”

“ಮಲಗಿಸ್ತೀನಿ ಸಾರ್. ಸೋಮವಾರದಿಂದ ಮಾತ್ರ ಆಗಲ್ಲ. ಮಗು ಬರಬಾರದು ಅಂತ ನೋಟಿಸ್ ಆಗಿದೆ.”

“ಯಾವ ಮುಠ್ಠಾಳ ಬರೆದದ್ದು ಅದನ್ನ?”

“ನಾನೇ ಬರೆದದ್ದು ಸಾರ್. ಸಹಿ ಕಾರ್ಯದರ್ಶಿಗಳದ್ದು.”

ಶನಿವಾರ ಬೆಳಿಗ್ಗೆಯೇ ಲಯ ಉಪಸಮಿತಿ ರಚನೆಯಾಯಿತು. ಮೂವರು ಸದಸ್ಯರು ಟೇಪು ಹಿಡಿದು ಬಂದು ಕೊಕ್ಕೆಯ ಎತ್ತರ, ಹಗ್ಗದ ಉದ್ದ, ಜೋಲಿಯ ಅಗಲ ಅಳೆದರು. ನನ್ನ ಹೆಬ್ಬೆರಳನ್ನೂ ಅಳೆದು ಮೂರು ಪ್ರತಿಗಳಲ್ಲಿ ಬರೆದುಕೊಂಡರು. ಪಾಪುವನ್ನು ಪಾರ್ಸೆಲ್ ತೂಗುವ ಯಂತ್ರದ ಮೇಲೆ ಕೂರಿಸಿದರು. ಎಂಟು ಕಿಲೋ ನಾನೂರು ಗ್ರಾಂ. ಕೋಚ್ ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಅವರಿಗೆ ವಿಷಯ ಗೊತ್ತಿತ್ತು.

ಆದರೆ ನಿಯಮ ಹದಿನಾಲ್ಕು ಹಾಗೇ ಇತ್ತು. ಅದನ್ನು ತಿದ್ದಬೇಕಾದರೆ ಮಹಾಸಭೆ ಸೇರಬೇಕು. ಮಹಾಸಭೆ ಸೇರಿದರೆ ಸದಸ್ಯರು ಬೇರೆ ವಿಷಯಗಳನ್ನೂ ಎತ್ತುತ್ತಾರೆ. ಕಾರ್ಯದರ್ಶಿಗಳು ರಾತ್ರಿಯೆಲ್ಲ ಯೋಚಿಸಿ, ಸದಸ್ಯೆಯೂ ಅಲ್ಲದ ನೌಕರಳೂ ಅಲ್ಲದ ಮಗುವಿಗೆ ಉಳಿದ ಒಂದೇ ಬಾಗಿಲನ್ನು ಕಂಡುಹಿಡಿದರು. ಸ್ವತ್ತಿನ ಪುಸ್ತಕದಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಕೆಳಗೆ, ನನ್ನ ಕೈಯಿಂದಲೇ ಹೀಗೆ ಬರೆಸಿದರು:

“ಲಯ ಸಾಧನ, ಒಂದು. ಭಾಗಗಳು: ಕೊಕ್ಕೆ, ಜೋಲಿ, ಹಗ್ಗ, ಮಗು (8 ಕೆ.ಜಿ. 400 ಗ್ರಾಂ). ಹೆಬ್ಬೆರಳು ನೌಕರಳದ್ದು, ಬಳಕೆಗೆ ಮಾತ್ರ.”

“ಅಭಿನಂದನೆ ಅಮ್ಮ,” ಎಂದು ನನ್ನ ಕೈ ಕುಲುಕಿದರು. “ಪುಟ್ಟಿ ಸ್ವತ್ತಾದಳು.”

ಗಂಡನಿಗೆ ಹೇಳಿದೆ. ಅವನು, “ಸಂಜೆ ಮನೆಗೆ ಕಳಿಸ್ತಾರಾ?” ಎಂದ.

ಕಳಿಸುತ್ತಿದ್ದರು. ಸ್ವತ್ತು ಆವರಣದಿಂದ ಹೊರಹೋಗಲು ಗೇಟ್ ಪಾಸ್ ಬೇಕು, ಅಷ್ಟೇ. ದಿನವೂ ಸಂಜೆ ಕಾವಲುಗಾರ “ಹಿಂತಿರುಗಿಸತಕ್ಕದ್ದು” ಎಂಬ ಸೀಲು ಒತ್ತುತ್ತಿದ್ದ. ಪಾಪುವಿಗೆ ಆ ಸೀಲು ಬಹಳ ಇಷ್ಟವಾಗಿ ತನ್ನ ಅಂಗೈ ಚಾಚುತ್ತಿತ್ತು. “ಅಕ್ಕಾ, ಇಲ್ಲೂ ಒಂದು ಒತ್ತಲಾ?” ಎಂದು ಕೇಳಿ ಅವನು ಅಲ್ಲೂ ಒತ್ತುತ್ತಿದ್ದ. ಅತ್ತೆ ಸ್ನಾನ ಮಾಡಿಸುವಾಗ ತಿಕ್ಕಿ ತಿಕ್ಕಿ, “ಆಸ್ಪತ್ರೆಯ ಹೊದಿಕೆ ಮೇಲೂ ಇಷ್ಟು ಗಟ್ಟಿ ಸೀಲು ಇರಲ್ಲ ಕಣೇ,” ಎನ್ನುತ್ತಿದ್ದರು.

ಸೋಮವಾರ ಪಾಪು ಬಂತು. ಹೊಸ ನಿಯಮವೂ ಬಂತು; ತಿದ್ದಲು ಮಹಾಸಭೆ ಬೇಕು, ಸೇರಿಸಲು ಬೇಡ. ಹದಿನಾಲ್ಕು-ಎ: “ಲಯ ಸಾಧನ ಚಾಲನೆಯಲ್ಲಿರುವಾಗ ಅದನ್ನು ತೂಗುವ ನೌಕರಳನ್ನು ಯಾರೂ, ಯಾವ ಕಾರಣಕ್ಕೂ ಮಾತನಾಡಿಸತಕ್ಕದ್ದಲ್ಲ.” ಇದನ್ನು ನಾನು ಕೆಂಪು ಶಾಯಿಯಲ್ಲಿ, ನನ್ನ ಜೀವಮಾನದಲ್ಲೇ ಅತ್ಯಂತ ದುಂಡಾದ ಅಕ್ಷರಗಳಲ್ಲಿ ಬರೆದೆ.

ಒಂದು ವಾರದೊಳಗೆ ಹದಿನಾರು ಚಾಪೆಗಳೂ ತುಂಬಿದವು. ಕೀ… ಕೀ… ಕೀ… ಎಂದರೆ ಹದಿನಾರು ಕೋಲು ನಿಧಾನವಾಗಿ ಏಳುತ್ತಿದ್ದವು. ಟಕ್ ಎಂದರೆ ಹದಿನಾರು ಚೆಂಡು ಒಟ್ಟಿಗೆ ಹಾರುತ್ತಿದ್ದವು. ದೊಡ್ಡ ದೊಡ್ಡ ಹುದ್ದೆಯಲ್ಲಿದ್ದವರು, ಹೆಂಡತಿಯ ಮಾತಿಗೆ ಬೆರಳೂ ಎತ್ತದವರು, ನನ್ನ ಹೆಬ್ಬೆರಳಿನ ಮಾತಿಗೆ ಭುಜ ಎತ್ತುತ್ತಿದ್ದರು. ಪಾಪು ಒಮ್ಮೆ ಸೀನಿದಾಗ ಹದಿನಾರು ಚೆಂಡೂ ಕಾರುಗಳ ಮೇಲೆ ಬಿದ್ದವು. ಯಾರೂ ಬೈಯಲಿಲ್ಲ. ನೆಗಡಿಯಾಗಿದೆಯೇ ಎಂದು ವಿಚಾರಿಸಿದರು.

ಒಬ್ಬರು ಮಾತ್ರ ಕುಗ್ಗಿದ್ದರು. ಒಂದು ಮಧ್ಯಾಹ್ನ ಕೋಚ್ ನನ್ನ ಕಿಟಕಿಯ ಹತ್ತಿರ ಬಂದು, ಪಾಪು ಎದ್ದಿದೆ ಎಂದು ಖಚಿತ ಮಾಡಿಕೊಂಡು ಮಾತನಾಡಿದರು.

“ಅವರಿಗೆ ಬೇಕಾದ್ದು ಕೊಕ್ಕೆನೂ ಅಲ್ಲ, ಮಗುನೂ ಅಲ್ಲ ತಾಯಿ. ಅವಸರ ಬಿಡಬೇಕು, ಅಷ್ಟೇ. ಆರು ವರ್ಷ ಅದನ್ನೇ ಹೇಳಿದೆ.”

“ಹಾಗಾದ್ರೆ ಯಾಕೆ ಕೇಳಲಿಲ್ಲ?”

“ನಾನು ಹೇಳಿದ್ರೆ ಉಪದೇಶ. ಕೊಕ್ಕೆ ಹೇಳಿದ್ರೆ ಉಪಕರಣ.”

ನನಗೆ ಪಾಪ ಎನ್ನಿಸಿತು. ಆದರೆ ಅವರಿಗೆ ಮನೆಯಲ್ಲಿ ತೂಗುವ ಮಗು ಇರಲಿಲ್ಲ, ನನಗಿತ್ತು. ಆದ್ದರಿಂದ ಈ ಸತ್ಯವನ್ನು ಇಬ್ಬರೂ ಅಲ್ಲಿಗೇ ಬಿಟ್ಟೆವು.

ಮೊದಲ ಸಂಕಟ ಎಣ್ಣೆಯಿಂದ ಬಂತು. ಮೂರು ವರ್ಷದ ಹಿಂದೆ, ಪಾಪು ಹುಟ್ಟುವ ಮುಂಚೆ, ಬುಟ್ಟಿ ನೇತುಹಾಕುವ ಕೊಕ್ಕೆ ಕಿರುಗುಟ್ಟುತ್ತದೆ, ಎಣ್ಣೆ ಹಾಕಿಸಿ ಎಂದು ನಾನೊಂದು ಅರ್ಜಿ ಕೊಟ್ಟಿದ್ದೆ. ಅರ್ಜಿ ಒಂದೊಂದೇ ಮೇಜು ದಾಟಿ, ಎಲ್ಲ ಕಡೆ ಸಹಿ ಪಡೆದು, ಪಂದ್ಯಕ್ಕೆ ಎರಡು ತಿಂಗಳು ಇರುವಾಗ ದುರಸ್ತಿಯವನ ಕೈ ಸೇರಿತು. ಅವನನ್ನು ಎಲ್ಲರೂ ಎಣ್ಣೆಯಣ್ಣ ಎನ್ನುತ್ತಾರೆ. ಪ್ರಾಮಾಣಿಕ ಮನುಷ್ಯ. ಭಾನುವಾರ ಯಾರೂ ಇಲ್ಲದಾಗ ಬಂದು ಒಂದೇ ಸಲಕ್ಕೆ ಮೂರು ವರ್ಷದ ಎಣ್ಣೆ ಹಾಕಿ ಹೋದ.

ಸೋಮವಾರ ಕೊಕ್ಕೆ ಮಾತಾಡಲಿಲ್ಲ. ಹದಿನಾರು ಜನ ಕೋಲು ಎತ್ತಿ ಹಾಗೇ ನಿಂತರು. ಅಧ್ಯಕ್ಷರು ಎತ್ತಿದ ಕೋಲನ್ನು ಇಳಿಸಲೂ ಆಗದೆ, “ಕಾರ್ಯದರ್ಶೀ!” ಎಂದು ಕೂಗಿದರು.

ಎಣ್ಣೆಯಣ್ಣನನ್ನು ಕರೆಸಿದರು. “ತುಕ್ಕು ವಾಪಸ್ ಹಾಕು,” ಎಂದರು ಕಾರ್ಯದರ್ಶಿ.

“ತುಕ್ಕಿಗೆ ಅರ್ಜಿ ಬೇಕು ಸಾರ್,” ಎಂದ ಎಣ್ಣೆಯಣ್ಣ.

ಅರ್ಜಿ ನಾನೇ ಬರೆದೆ. ಈ ಅರ್ಜಿ ಮಾತ್ರ ಅದೇ ದಿನ ಎಲ್ಲ ಮೇಜು ದಾಟಿತು. ಕೊಕ್ಕೆಯನ್ನು ಸೋಡಾದಲ್ಲಿ ತೊಳೆದು, ಉಪ್ಪುನೀರಿನ ಒದ್ದೆ ಗೋಣಿಚೀಲ ಸುತ್ತಿ, ತುಕ್ಕು ಬೆಳೆಯಲು ಬಿಟ್ಟರು. ಉಪಸಮಿತಿಯವರು ದಿನಕ್ಕೆರಡು ಸಲ ಬಂದು ಕೊಕ್ಕೆ ಮುಟ್ಟಿ, ಬೆರಳು ನೋಡಿಕೊಂಡು, “ಪ್ರಗತಿ ಇದೆ,” ಎಂದು ಬರೆದುಹೋಗುತ್ತಿದ್ದರು. ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನ ಕೀ ಕೀ ಕೀ ಟಕ್ ಎಂದು ನಾನು ಬಾಯಲ್ಲೇ ಹೇಳಿದೆ. ಮನೆಗೆ ಹೋದರೆ ಸೊಪ್ಪು ಹೆಚ್ಚುವಾಗಲೂ ಬಾಯಿ ಅದನ್ನೇ ಹೇಳುತ್ತಿತ್ತು. ಗಂಡ, “ಬಸ್ಸಿನ ಬ್ರೇಕ್ ಸದ್ದು ಕೇಳಿ ಸಾಕಾಗಿ ಮನೆಗೆ ಬಂದ್ರೆ ಇಲ್ಲೂ ಅದೇನಾ?” ಎಂದ.

ಎರಡನೆಯ ಸಂಕಟವನ್ನು ನಾನು ಮೊದಲೇ ಬಲ್ಲೆ, ಬೇರೆ ಯಾರೂ ಬಲ್ಲವರಾಗಿರಲಿಲ್ಲ. ಪಾಪು ಬೆಳೆಯುತ್ತಿತ್ತು.

ಪಂದ್ಯಕ್ಕೆ ಮೂರು ವಾರ ಇರುವಾಗ ಅಧ್ಯಕ್ಷರ ಚೆಂಡು ಸ್ವಲ್ಪ ಸ್ವಲ್ಪವೇ ಎಡಕ್ಕೆ ವಾಲತೊಡಗಿತು. ಉಪಸಮಿತಿ ಎಲ್ಲವನ್ನೂ ಮತ್ತೆ ಅಳೆಯಿತು. ಕೊಕ್ಕೆ ಸರಿ, ಹಗ್ಗ ಸರಿ, ಹೆಬ್ಬೆರಳು ಸರಿ. ಪಾಪು ಒಂಬತ್ತು ಕಿಲೋ ಆರುನೂರು ಗ್ರಾಂ. ಕಾರ್ಯದರ್ಶಿಗಳು ಪುಸ್ತಕ ನೋಡಿದರು, ತೂಕದ ಮುಳ್ಳು ನೋಡಿದರು, ನನ್ನನ್ನು ನೋಡಿದರು.

“ಒಂದು ಕಿಲೋ ಇನ್ನೂರು ಗ್ರಾಂ ಜಾಸ್ತಿ ಇದೆ.”

“ಬೆಳೆದಿದಾಳೆ ಸಾರ್.”

“ಯಾರ ಅನುಮತಿ ಮೇಲೆ?”

“ಅವಳೇ ಬೆಳೆದಳು ಸಾರ್. ನಾನು ಬರೀ ಊಟ ಹಾಕಿದೆ.”

ಪಾಪು ಒಂಬತ್ತು ಕಿಲೋ ಆರುನೂರು ಗ್ರಾಮನ್ನು ಎತ್ತಿಕೊಂಡು ಯಂತ್ರದಿಂದ ಇಳಿದು, ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದುಹೋಯಿತು. ಅದೇ ಅವಳ ಮೊದಲ ನಡಿಗೆ. ನಾನು ಚಪ್ಪಾಳೆ ತಟ್ಟಿದೆ. ಕಾರ್ಯದರ್ಶಿಗಳು “ಸಾಧನದ ಮುಖ್ಯ ಭಾಗ ಸ್ಥಳಾಂತರಗೊಳ್ಳುತ್ತಿದೆ” ಎಂದು ಬರೆದುಕೊಂಡರು. ಅಂದಿನಿಂದ ಅವಳು ಜೋಲಿಯಲ್ಲಿ ಮಲಗಲು ಒಪ್ಪಲೇ ಇಲ್ಲ. ಹಾಕಿದರೆ ಎದ್ದು ನಿಂತು ಸದಸ್ಯರ ಕಡೆ ಕೈ ಬೀಸುತ್ತಿದ್ದಳು.

ತುರ್ತು ಸಭೆ ಸೇರಿತು. ಮೂಲ ಮಗುವಿನ ತೂಕಕ್ಕೆ ಸರಿಯಾದ ಪರ್ಯಾಯ ವಸ್ತುವನ್ನು ಜೋಲಿಯಲ್ಲಿ ಹಾಕಬೇಕು ಎಂದಾಯಿತು. ಕೋಣೆಯಲ್ಲಿ ಇದ್ದದ್ದು ಚೆಂಡು. ಒಂದೊಂದೇ ಹಾಕಿ ತೂಗಿದೆವು. ನೂರ ಎಂಬತ್ತಮೂರನೇ ಚೆಂಡಿಗೆ ಮುಳ್ಳು ಎಂಟು ಕಿಲೋ ನಾನೂರಕ್ಕೆ ಬಂದು ನಿಂತಿತು. ಪಾಪುವಿನ ಹೊದಿಕೆಯನ್ನೇ ಹೊದಿಸಿದೆವು. ಮಂಜೂರಾತಿ ಮಗುವಿನ ಹೆಸರಿನಲ್ಲಿ ಇದ್ದುದರಿಂದ ಪುಸ್ತಕದಲ್ಲಿ ಏನೂ ತಿದ್ದಲಿಲ್ಲ. ಜೋಲಿಯಲ್ಲಿರುವುದು ಮಗು ಎಂದೇ ಮುಂದುವರಿಯಿತು. ಚೆಂಡುಗಳು ಸೀನುವುದಿಲ್ಲ, ಏಳುವುದಿಲ್ಲ. ಎರಡೇ ದಿನದಲ್ಲಿ ಎಲ್ಲರ ಲಯ ಮರಳಿತು. ಮಗುವಾಗಿ ಅವು ಎಲ್ಲ ರೀತಿಯಲ್ಲೂ ಮೇಲು ಎಂದು ಉಪಸಮಿತಿ ವರದಿ ಕೊಟ್ಟಿತು.

ಪಂದ್ಯದ ದಿನ ಜೋಲಿಯನ್ನು ಕೊಕ್ಕೆ ಸಮೇತ ತಳ್ಳುಗಾಡಿಯ ಮೇಲೆ ಕಟ್ಟಿದರು. ನನ್ನನ್ನು ಸ್ಟೂಲಿನ ಸಮೇತ ಅದರ ಪಕ್ಕ ಕೂರಿಸಿದರು. ಕೋಚ್ ತಳ್ಳಿದರು, ಆರು ವರ್ಷದಲ್ಲಿ ಮೊದಲ ಸಲ ಅವರು ಹೇಳಿದ ಕಡೆ ಏನಾದರೂ ಹೋಯಿತು. ಪಾಪು ಕಾವಲುಗಾರನ ಹೆಗಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಾ ಹಿಂದೆ ಬಂತು.

ಬಾಮೈದರು ಗಾಡಿ ನೋಡಿ ಗಟ್ಟಿಯಾಗಿ ನಕ್ಕರು. “ಭಾವ, ಇದೇನು ಮೆರವಣಿಗೆ?”

ಅಧ್ಯಕ್ಷರು ತುಟಿಗೆ ಬೆರಳಿಟ್ಟರು. “ಮಗು ಮಲಗಿದೆ. ಮೆಲ್ಲಗೆ.”

ಬಾಮೈದರು ತುದಿಗಾಲಲ್ಲಿ ಬಂದು ಹೊದಿಕೆ ಸರಿಸಿ ಒಳಗೆ ನೋಡಿದರು. ನೂರ ಎಂಬತ್ತಮೂರು ಬಿಳಿ ಚೆಂಡು. ಹೊದಿಕೆಯನ್ನು ಮೆಲ್ಲನೆ ಮುಚ್ಚಿದರು.

“ನಿಮ್ಮ ಥರಾನೇ ಇದೆ ಭಾವ,” ಎಂದು ಪಿಸುಗುಟ್ಟಿದರು.

ಮಲಗಿದ ಮಗುವಿನ ಮುಂದೆ ಜೋರು ಮಾಡಲಾಗದ ಸಭ್ಯ ಮನುಷ್ಯ. ಹದಿನೆಂಟು ಕುಳಿಗಳಿಗೂ ಉಸಿರು ಬಿಗಿಹಿಡಿದು, ಪಿಸುಗುಟ್ಟುತ್ತಾ, ಸದ್ದಾಗದಂತೆ ಚೆಂಡು ಹೊಡೆಯಲು ಹೋಗಿ ತಮ್ಮ ಲಯವನ್ನೇ ಕಳೆದುಕೊಂಡರು. ಒಂದೇ ಒಂದು ಹೊಡೆತದಲ್ಲಿ ಸೋತರು. ಕಪ್ಪು ನಮ್ಮ ಅಧ್ಯಕ್ಷರ ಮನೆಗೆ ಬಂತು. ಮನೆಯವರು ಅದನ್ನು ತೊಳೆದು, ಒರೆಸಿ, ಅದರಲ್ಲಿ ಚಮಚ ಇಟ್ಟರು.

ಇಲ್ಲಿಗೆ ಎಲ್ಲರಿಗೂ ಒಳ್ಳೆಯದಾಯಿತು ಎಂದು ನಾನು ಅಂದುಕೊಂಡಿದ್ದೆ. ಮುಂದಿನ ವಾರ ವಾರ್ಷಿಕ ಸ್ವತ್ತು ಪರಿಶೀಲನೆ. ಕಾರ್ಯದರ್ಶಿಗಳು ಪುಸ್ತಕ ಹಿಡಿದು ಬಂದರು.

“ಕೊಕ್ಕೆ, ಇದೆ. ಜೋಲಿ, ಇದೆ. ಹಗ್ಗ, ಇದೆ.” ಜೋಲಿಯೊಳಗೆ ಬಗ್ಗಿ ನೋಡಿದರು. “ಮಗು, ಇದೆ.” ಆಮೇಲೆ ಬುಟ್ಟಿಯೊಂದನ್ನು ತಲೆಗೆ ಹಾಕಿಕೊಂಡು ಓಡಾಡುತ್ತಿದ್ದ ಪಾಪುವನ್ನು ನೋಡಿದರು. “ಇದು?”

“ಮಗು ಸಾರ್.”

“ಮಗು ಜೋಲಿಯಲ್ಲಿದೆಯಲ್ಲಮ್ಮ. ನಮ್ಮ ಹತ್ತಿರ ಇರೋದು ಒಂದೇ. ಇದು ಹೆಚ್ಚುವರಿ.” ನಿಜವಾದ ದುಃಖದಿಂದ ಹೇಳಿದರು. “ನಿಯಮ ಹದಿನಾಲ್ಕು. ಸೋಮವಾರದಿಂದ…”

ಒಂದು ವರ್ಷ ತಿರುಗಿ ಬಂದು ಅದೇ ಸೋಮವಾರದ ಮುಂದೆ ನಿಂತಿದ್ದೆ. ಬಸ್ಸು ಅಲ್ಲೇ, ಆಸ್ಪತ್ರೆ ಅಲ್ಲೇ, ಅಣ್ಣನ ಮಕ್ಕಳು ಈಗ ನಾಲ್ಕು. ಅತ್ತರೆ ಪ್ರಯೋಜನವಿಲ್ಲ, ಕಣ್ಣೀರಿಗೆ ಆ ಪುಸ್ತಕದಲ್ಲಿ ಸಾಲು ಇಲ್ಲ. ಆದರೆ ಒಂದು ವರ್ಷ ಅವರ ಪ್ರಕಟಣೆ ಬರೆದು ಬರೆದು ನನಗೂ ಸ್ವಲ್ಪ ಅಂಟಿತ್ತು.

“ಆಗಲಿ ಸಾರ್. ಚೆಂಡಿನ ಪುಸ್ತಕಾನೂ ಈಗಲೇ ನೋಡಿಬಿಡಿ. ಐದು ಸಾವಿರ ಇರಬೇಕು. ನಾಲ್ಕು ಸಾವಿರದ ಎಂಟುನೂರ ಹದಿನೇಳು ಇದೆ.”

ಅವರ ಮುಖ ಇಳಿಯಿತು. “ಉಳಿದದ್ದು ಜೋಲಿಯಲ್ಲಿದೆಯಲ್ಲ?”

“ಜೋಲಿಯಲ್ಲಿರೋದು ಮಗು ಸಾರ್. ನೀವೇ ಈಗ ಟಿಕ್ ಮಾಡಿದ್ರಿ.”

“ಹಾಗಾದ್ರೆ ನೂರ ಎಂಬತ್ತಮೂರು ಚೆಂಡು ಕಾಣೆ ಅಂತಾಗುತ್ತೆ!”

“ಆಗುತ್ತೆ. ವಿಚಾರಣೆ ಯಾರ ಮೇಲೆ ಬರುತ್ತೆ ಸಾರ್, ನನ್ನ ಮೇಲೋ, ಸಹಿ ಮಾಡಿದವರ ಮೇಲೋ?”

ಅವರು ನನ್ನ ಸ್ಟೂಲಿನ ಮೇಲೆ ಕೂತರು. ಪಾಪು ತನ್ನ ತಲೆಯ ಬುಟ್ಟಿ ತೆಗೆದು ಅವರ ತಲೆಗೆ ಹಾಕಿತು.

“ನೂರ ಎಂಬತ್ತಮೂರು ಚೆಂಡು ಮಗುವಿನ ಸಾಲಿಗೆ ಹೋಗಿದಾವೆ,” ಎಂದೆ. “ಚೆಂಡಿನ ಸಾಲಲ್ಲಿ ಅಷ್ಟು ಜಾಗ ಖಾಲಿ ಇದೆ. ಇಲ್ಲಿ ಒಬ್ಬಳು ಹೆಚ್ಚುವರಿ ಇದಾಳೆ. ನೋಡಿ ಸಾರ್.”

ಅವರು ನೋಡಿದರು. ಬುಟ್ಟಿಯ ಸಂದುಗಳ ನಡುವೆ ಅವರ ಕಣ್ಣು ನಿಧಾನವಾಗಿ ಅರಳಿತು. ಚೆಂಡು ಆವರಣದಲ್ಲಿ ಇರಬಾರದು ಎಂಬ ನಿಯಮ ಇಲ್ಲ. ಚೆಂಡು ಇರಲೇಬೇಕು.

ಆದೇಶ ಅಂದೇ ಹೊರಬಂತು, ನನ್ನದೇ ದುಂಡು ಅಕ್ಷರದಲ್ಲಿ. “ಚೆಂಡಿನ ಕೋಣೆಯಲ್ಲಿ ಓಡಾಡುವ ಸದರಿ ಬಾಲಕಿಯನ್ನು ನೂರ ಎಂಬತ್ತಮೂರು ಅಭ್ಯಾಸ ಚೆಂಡುಗಳೆಂದು ಪರಿಗಣಿಸತಕ್ಕದ್ದು. ಸಂಜೆಯ ಎಣಿಕೆಗೆ ತಪ್ಪದೆ ಹಾಜರಿರತಕ್ಕದ್ದು. ಯಾರೂ ಹೊಡೆಯತಕ್ಕದ್ದಲ್ಲ.” ಕೊನೆಯ ಸಾಲು ನಾನೇ ಸೇರಿಸಿದ್ದು. ಅಧ್ಯಕ್ಷರು ಓದದೆ ಸಹಿ ಹಾಕಿದರು.

ಅಲ್ಲಿಂದ ಈಚೆಗೆ ಎಲ್ಲ ಸುಸೂತ್ರ. ಸದಸ್ಯರು ಜೋಲಿಯ ಪಕ್ಕ ತುದಿಗಾಲಲ್ಲಿ ನಡೆಯುತ್ತಾರೆ. ಕೆಲವರು, “ಹೇಗಿದೆ, ರಾತ್ರಿ ನಿದ್ದೆ ಮಾಡುತ್ತಾ?” ಎಂದು ವಿಚಾರಿಸುತ್ತಾರೆ. ನನ್ನ ಮಗಳನ್ನು ಕಂಡರೆ, “ಕೋಣೆ ಚೆಂಡು ಬಂತು ನೋಡಿ,” ಎಂದು ಪೆಪ್ಪರ್‌ಮಿಂಟ್ ಕೊಡುತ್ತಾರೆ. ನಿಯಮ ಹದಿನಾಲ್ಕು-ಎ ಇನ್ನೂ ಜಾರಿಯಲ್ಲಿದೆ. ನಾನು ಚೆಂಡುಗಳನ್ನು ತೂಗಿ ಮಲಗಿಸುತ್ತಿರುವಾಗ ಯಾರೂ ಮಾತನಾಡಿಸುವಂತಿಲ್ಲ. ಮಗಳೂ ಮಾತನಾಡಿಸುವಂತಿಲ್ಲ. ಅವಳಿಗೆ ಈಗ ಎರಡೂವರೆ ವರ್ಷ, ಮಾತು ಬಂದಿದೆ. ತುಟಿಗೆ ಬೆರಳಿಟ್ಟುಕೊಂಡು ತೊಟ್ಟಿಯ ಪಕ್ಕ ಕೂತಿರುತ್ತಾಳೆ, ಹಗ್ಗ ನಿಲ್ಲುವುದನ್ನೇ ಕಾಯುತ್ತಾ.

ಸಂಜೆ ಎಣಿಕೆ. ಕಾರ್ಯದರ್ಶಿಗಳು ಪುಸ್ತಕ ಬಿಚ್ಚಿ ನಿಲ್ಲುತ್ತಾರೆ. ನಾನು ತೊಳೆದ ಚೆಂಡನ್ನೆಲ್ಲ ಎಣಿಸಿ ನಾಲ್ಕು ಸಾವಿರದ ಎಂಟುನೂರ ಹದಿನೇಳು ಎನ್ನುತ್ತೇನೆ. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, ನೂರ ಎಂಬತ್ತಮೂರು ಎನ್ನುತ್ತೇನೆ. ಐದು ಸಾವಿರ. ಅವರು ಸಹಿ ಹಾಕುತ್ತಾರೆ, ಕಾವಲುಗಾರ ಸೀಲು ಒತ್ತುತ್ತಾನೆ, ಮನೆಗೆ ಹೋಗುತ್ತೇವೆ.

ನಿನ್ನೆ ಸಂಜೆ ಚೆಂಡಿನ ಎಣಿಕೆ ಮುಗಿದು ನನ್ನ ಕೈ ಇನ್ನೇನು ಅವಳ ತಲೆಯ ಮೇಲೆ ಇಳಿಯಬೇಕು, ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದಾರೆ, ಆಗ ಅಡ್ಡಿ ಬಂತು. ದಿನವೂ ನನ್ನ ಎಣಿಕೆ ಕೇಳಿ ಕೇಳಿ ಮಗಳಿಗೂ ಎಣಿಸುವುದು ಬಂದಿತ್ತು. ಬೆರಳು ಚಾಚಿ ಕೋಣೆಯನ್ನೆಲ್ಲ ಎಣಿಸತೊಡಗಿದಳು. ಬಾಗಿಲು ಒಂದು. ಸ್ಟೂಲು ಒಂದು. ಅಮ್ಮ ಒಂದು. ಜೋಲಿಯ ಕಡೆ ತಿರುಗಿ, ದನಿ ತಗ್ಗಿಸಿ, ಪಾಪು ಒಂದು. ಆಮೇಲೆ ಆ ಬೆರಳನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು, ನನ್ನನ್ನೂ ಪುಸ್ತಕವನ್ನೂ ನೋಡಿ ಕೇಳಿದಳು:

“ಅಮ್ಮಾ, ನಾನು ಎಷ್ಟು?”